ಹುಳಿ ವಾಸನೆಯ ರೀಲುಗಳಿಂದ ಸಾಕ್ಷ್ಯಚಿತ್ರ: ಹಾಳಾದದ್ದನ್ನು ಸರಿಪಡಿಸಬೇಕೇ, ಹಾಗೆಯೇ ತೋರಿಸಬೇಕೇ?

ಸಾಗರದ_ಕಡೆಯವ
ನಮ್ಮ ದೊಡ್ಡಪ್ಪನವರು ಶರಾವತಿ ವಿದ್ಯುತ್ ಯೋಜನೆಯ ಕಾಲದಲ್ಲಿ ಅಲ್ಲಿನ ಕಾಲೋನಿಯಲ್ಲಿದ್ದು ಕೆಲಸ ಮಾಡಿದವರು. ಅವರಿಗೆ ಸಿನಿ ಕ್ಯಾಮೆರಾದ ಹುಚ್ಚಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಕಣಿವೆಯಲ್ಲಿ ನೀರು ನಿಲ್ಲುವುದಕ್ಕೆ ಮೊದಲು ಸುತ್ತಲಿನ ಊರುಗಳಲ್ಲಿ ಅವರು ತೆಗೆದ ರೀಲುಗಳು ಒಂದು ತಗಡಿನ ಪೆಟ್ಟಿಗೆಯಲ್ಲಿ ಈಗ ನನ್ನ ಪಾಲಿಗೆ ಬಂದಿವೆ. ಹೆಚ್ಚಿನವು 8 ಎಂಎಂ. ಕೆಲವು ಮಾತ್ರ ನೋಡಲು 16 ಎಂಎಂ ಅಗಲವಿವೆ. ಡಬ್ಬಿಯ ಮುಚ್ಚಳ ತೆಗೆದರೆ ಹುಳಿ ವಾಸನೆ ಮೂಗಿಗೆ ಹೊಡೆಯುತ್ತದೆ. ಕೆಲವು ಸುರುಳಿಗಳು ಮುರುಟಿಕೊಂಡಿವೆ, ಕೆಲವಕ್ಕೆ ಬಿಳಿಯ ಪುಡಿ ಹಿಡಿದಿದೆ. ಒಂದು ತುಣುಕನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಒಬ್ಬ ಹೆಂಗಸು ಬಾವಿಯಿಂದ ನೀರು ಸೇದುತ್ತಿದ್ದಾಳೆ. ಹಗ್ಗ, ಗಡಗಡೆ, ಕಟ್ಟೆಯ ಮೇಲಿನ ಕೊಡಪಾನ ಎಲ್ಲವೂ ಸ್ಪಷ್ಟವಾಗಿವೆ, ಮುಖವಿರಬೇಕಾದ ಜಾಗದಲ್ಲಿ ಮಾತ್ರ ಲೇಪನ ಜಾಲರಿಯಂತೆ ಬಿರುಕು ಬಿಟ್ಟಿದೆ.

ಇದರಿಂದ ಮೂವತ್ತು ನಲವತ್ತು ನಿಮಿಷದ ಒಂದು ಪ್ರಾಯೋಗಿಕ ಸಾಕ್ಷ್ಯಚಿತ್ರ ಮಾಡಬೇಕೆಂದಿದ್ದೇನೆ. ಅಮೆರಿಕದ ಬಿಲ್ ಮಾರಿಸನ್ ಅವರು ಹಾಳಾದ ನೈಟ್ರೇಟ್ ಫಿಲ್ಮಿನಿಂದ (ಬೇಗ ಹೊತ್ತಿಕೊಳ್ಳುವ ಹಳೆಯ ಕಾಲದ ಫಿಲ್ಮು) ಕಟ್ಟಿದ ಚಿತ್ರಗಳನ್ನು ನೋಡಿದಾಗಿನಿಂದ ಈ ಯೋಚನೆ ತಲೆಯಲ್ಲಿದೆ. ಮನೆಯವರು, ಎಲ್ಲವನ್ನೂ ಶುದ್ಧಗೊಳಿಸಿ ನೋಡುವಂತೆ ಮಾಡು ಎನ್ನುತ್ತಾರೆ. ಸಂಕಲನ ಮಾಡುವ ಸ್ನೇಹಿತನೊಬ್ಬ, ಆ ಬಿರುಕೇ ನಿನ್ನ ಸಿನಿಮಾ, ಅದನ್ನು ಮುಟ್ಟಬೇಡ ಎನ್ನುತ್ತಾನೆ. ಈ ವೇದಿಕೆಯಲ್ಲಿರುವವರು ಏನು ಹೇಳುತ್ತೀರಿ?

ಎಚ್ಚರಿಕೆ_ಗಂಟೆ
ಸಿನಿಮಾದ ಮಾತು ಆಮೇಲಾಗಲಿ, ಆ ಪೆಟ್ಟಿಗೆಯನ್ನು ಮೊದಲು ಮನೆಯಿಂದ ಹೊರಗಿಡಿ. ಹಳೆಯ ಫಿಲ್ಮು ತಾನಾಗಿಯೇ ಹೊತ್ತಿಕೊಳ್ಳುತ್ತದೆ, ನೀರು ಸುರಿದರೂ ಆರುವುದಿಲ್ಲ. 2003ರ ಜನವರಿಯಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ನೈಟ್ರೇಟ್ ರೀಲುಗಳು ಸುಟ್ಟುಹೋದದ್ದನ್ನು ಮರೆಯಬಾರದು.

ರಸಾಯನದ_ಮೇಷ್ಟ್ರು
ಗಾಬರಿ ಬೇಡ. ನೀರಿನಿಂದ ಆರದ ಬೆಂಕಿ ನೈಟ್ರೇಟ್ ಫಿಲ್ಮಿನದು, ಏಕೆಂದರೆ ಉರಿಯುವಾಗ ಅದು ತನಗೆ ಬೇಕಾದ ಆಮ್ಲಜನಕವನ್ನು ತಾನೇ ಒದಗಿಸಿಕೊಳ್ಳುತ್ತದೆ. ಆದರೆ ನೈಟ್ರೇಟ್ ಎಂದರೆ ಸಾಮಾನ್ಯವಾಗಿ 35 ಎಂಎಂ. 1923ರಲ್ಲಿ ಬಂದ 16 ಎಂಎಂ ಮತ್ತು 1932ರಲ್ಲಿ ಬಂದ 8 ಎಂಎಂ ಎರಡನ್ನೂ ಮನೆಬಳಕೆಗೆಂದೇ ತಂದದ್ದರಿಂದ ಅವನ್ನು ಅಸಿಟೇಟ್ ಎಂಬ, ಸುಲಭವಾಗಿ ಹೊತ್ತಿಕೊಳ್ಳದ ಪ್ಲಾಸ್ಟಿಕ್ಕಿನ ಆಧಾರದ ಮೇಲೆಯೇ ತಯಾರಿಸುತ್ತಿದ್ದರು. 35 ಎಂಎಂನಲ್ಲಿಯೂ ಕೊಡಾಕ್ ಕಂಪನಿ 1951ರ ಸುಮಾರಿಗೆ ನೈಟ್ರೇಟ್ ತಯಾರಿಕೆಯನ್ನು ನಿಲ್ಲಿಸಿತು. ಸಾಗರದವರ ಪೆಟ್ಟಿಗೆಯಲ್ಲಿರುವುದು ಅಸಿಟೇಟ್. ಅದು ತಾನಾಗಿ ಹೊತ್ತಿಕೊಳ್ಳುವುದಿಲ್ಲ, ಹುಳಿಯುತ್ತದೆ.

ಹುಳಿಯುವುದು ಹೇಗೆಂಬುದನ್ನು ತಿಳಿದುಕೊಂಡರೆ ನಿಮ್ಮ ಸಿನಿಮಾಕ್ಕೂ ಪ್ರಯೋಜನವಾದೀತು. ಸೆಲ್ಯುಲೋಸ್ ಅಸಿಟೇಟಿಗೆ ತೇವ ಮತ್ತು ಸೆಖೆ ಒಟ್ಟಿಗೆ ತಗುಲಿದರೆ ಅದರೊಳಗಿಂದ ಅಸಿಟಿಕ್ ಆಮ್ಲ ಬಿಡುಗಡೆಯಾಗುತ್ತದೆ. ವಿನೆಗರಿನ ವಾಸನೆ ಅದರದ್ದೇ. ಹೀಗೆ ಹೊರಬಂದ ಆಮ್ಲವೇ ಮುಂದಿನ ವಿಘಟನೆಯನ್ನು ಇನ್ನಷ್ಟು ಚುರುಕುಗೊಳಿಸುವುದರಿಂದ, ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಟ್ಟ ರೀಲು ಬಹಳ ಬೇಗ ಕೆಡುತ್ತದೆ. ಪ್ಲಾಸ್ಟಿಕ್ಕಿನ ಆಧಾರ ಕುಗ್ಗುತ್ತದೆ, ಆದರೆ ಅದರ ಮೇಲೆ ಚಿತ್ರವನ್ನು ಹಿಡಿದಿಟ್ಟುಕೊಂಡಿರುವ ಜೆಲಟಿನ್ ಅಷ್ಟೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಹೀಗಾಗಿ ಜೆಲಟಿನ್ ಎದ್ದು ಮಡಿಕೆಗಟ್ಟಿ ಕಾಲುವೆಗಳಂತಹ ಬಿರುಕುಗಳಾಗುತ್ತವೆ. ನೀವು ಭೂತಗನ್ನಡಿಯಲ್ಲಿ ಕಂಡದ್ದು ಅದನ್ನೇ. ಬಿಳಿಯ ಪುಡಿ ಬೂಷ್ಟಲ್ಲ; ಫಿಲ್ಮನ್ನು ಮೆದುವಾಗಿಡಲು ಸೇರಿಸಿದ ರಾಸಾಯನಿಕ ಹೊರಬಂದು ಹರಳುಗಟ್ಟಿರುವುದು.

ಈಗಲೇ ಮಾಡಬೇಕಾದ ಕೆಲಸ: ಹೆಚ್ಚು ವಾಸನೆಯ ರೀಲುಗಳನ್ನು ಬೇರೆ ಕೋಣೆಯಲ್ಲಿಡಿ, ಆ ಆವಿ ಉಳಿದವನ್ನೂ ಕೆಡಿಸುತ್ತದೆ. ಆಮ್ಲ ಅಳೆಯುವ ಎಡಿ ಸ್ಟ್ರಿಪ್ ಎಂಬ ಕಾಗದದ ಪಟ್ಟಿಗಳು ಸಿಗುತ್ತವೆ, ಡಬ್ಬಿಯೊಳಗೆ ಒಂದು ದಿನ ಇಟ್ಟರೆ ನೀಲಿಯಿಂದ ಹಸಿರು, ಹಸಿರಿನಿಂದ ಹಳದಿಗೆ ತಿರುಗುತ್ತವೆ. ಹಳದಿಗೆ ತಿರುಗಿಸಿದ ರೀಲು ಮೊದಲು ಸ್ಕ್ಯಾನ್ ಆಗಬೇಕು. ಪ್ರೊಜೆಕ್ಟರಿಗೆ ಮಾತ್ರ ಯಾವುದನ್ನೂ ಹಾಕಬೇಡಿ.

ಕತ್ತರಿ_ಕೆಲಸ
ಮೇಷ್ಟ್ರು ಪಾಠ ಮುಗಿಸಿದ್ದಾರೆ, ಇನ್ನು ಸಿನಿಮಾದ ಮಾತಾಡೋಣ. ನಾನು ಆ ಸಂಕಲನಕಾರ ಸ್ನೇಹಿತನ ಪಕ್ಷ. ಮಾರಿಸನ್ ಅವರ 2002ರ ‘ಡೆಕೇಷಿಯಾ’ದಲ್ಲಿ ಒಬ್ಬ ಬಾಕ್ಸರ್ ಇದ್ದಾನೆ. ಮೂಲ ಚಿತ್ರದಲ್ಲಿ ಅವನು ಹೊಡೆಯುತ್ತಿದ್ದದ್ದು ಅಭ್ಯಾಸದ ಚೀಲವೊಂದನ್ನು. ನೈಟ್ರೇಟ್ ಕೆಟ್ಟು ಚೀಲವಿದ್ದ ಭಾಗವನ್ನೆಲ್ಲ ಒಂದು ಕುದಿಯುವ ಕಂಬ ನುಂಗಿಬಿಟ್ಟಿದೆ. ಈಗ ಅವನು ಆ ಕಂಬದ ಜೊತೆಯಲ್ಲಿಯೇ ಸೆಣಸುತ್ತಿರುವಂತೆ ಕಾಣುತ್ತದೆ. ಯಾವ ನಿರ್ದೇಶಕನೂ ಅದನ್ನು ಯೋಜಿಸಿರಲಿಲ್ಲ. ಅದನ್ನು ಡಿಜಿಟಲ್ ಆಗಿ ಶುದ್ಧಗೊಳಿಸಿದ್ದರೆ ಉಳಿಯುತ್ತಿದ್ದದ್ದು ಒಬ್ಬ ಮಾಮೂಲಿ ಬಾಕ್ಸರ್, ಅಷ್ಟೇ.

ತಕರಾರು_ತಮ್ಮಣ್ಣ
ಬಾಕ್ಸರನ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಅದಕ್ಕಾಗಿ ಎಷ್ಟು ರೀಲು ತಡಕಿದರು ಎಂಬುದನ್ನು ಯಾರೂ ಹೇಳುವುದಿಲ್ಲ. ಕೆಟ್ಟ ಫಿಲ್ಮಿನಲ್ಲಿ ನೂರಕ್ಕೆ ತೊಂಬತ್ತು ಭಾಗ ಬರೀ ಕಲೆ. ಕಲೆಗೂ ಚಿತ್ರಕ್ಕೂ ಸಂಬಂಧ ಕೂಡಿಬರುವುದು ಅಪರೂಪ, ಆ ಅಪರೂಪವನ್ನು ಹೆಕ್ಕಿದ್ದೇ ಅವರ ಕೆಲಸ. ನಮ್ಮ ಹುಡುಗರು ಅದನ್ನು ನೋಡಿ ಕಲಿತದ್ದೇನು? ಮೊಬೈಲಿನಲ್ಲಿ ತೆಗೆದ ಮದುವೆ ವಿಡಿಯೋದ ಮೇಲೆ ಗೀರು ಮತ್ತು ಸುಟ್ಟ ಕಲೆಗಳ ರೆಡಿಮೇಡ್ ಪದರ ಅಂಟಿಸಿ, ಹಿಂದೆ ಒಂದು ಅಳುವ ಪಿಟೀಲು ಹಾಕಿ, ‘ನೆನಪು’ ಎಂದು ಹೆಸರಿಡುವುದು.

ಶರಾವತಿಯ ವಿಷಯ ಅದಕ್ಕಿಂತ ಗಂಭೀರವಾದದ್ದು. ಮನೆಮಠ ನೀರಿನಡಿ ಹೋದ ಜನರ ಮುಖ ಕರಗುವುದನ್ನು ನಿಧಾನಗತಿಯಲ್ಲಿ ತೋರಿಸಿ ಚಿತ್ರೋತ್ಸವದಲ್ಲಿ ಚಪ್ಪಾಳೆ ಗಿಟ್ಟಿಸುವುದು ಗಾಯದ ಮೇಲೆ ಬರೆ ಎಳೆದಂತೆ. ಅವರು ಒಮ್ಮೆ ಮುಳುಗಿದ್ದು ಸಾಲದೇ?

ಕತ್ತರಿ_ಕೆಲಸ
ತೊಂಬತ್ತು ಎಂಬ ಲೆಕ್ಕ ಎಲ್ಲಿಂದ ಬಂತು ಸ್ವಾಮಿ? ಪಿಟೀಲಿನ ವಿಷಯದಲ್ಲಿ ಮಾತ್ರ ನನ್ನ ತಕರಾರಿಲ್ಲ.

ಟೊರೊಂಟೊ_ತುದಿಯಿಂದ
ತಮ್ಮಣ್ಣನವರ ಸಿಟ್ಟು ನ್ಯಾಯವಾದದ್ದು, ಆದರೆ ಹಾಳಾಗುವುದೆಂದರೆ ಬರೀ ಕಲೆ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಕೆನಡಾದ ಉತ್ತರ ತುದಿಯ ಡಾಸನ್ ಎಂಬ ಊರಿನ ಉದಾಹರಣೆ ನೋಡಿ. ಚಿನ್ನದ ಆಸೆಗೆ ಹುಟ್ಟಿಕೊಂಡ ಊರು ಅದು, ಸಿನಿಮಾ ಹಂಚಿಕೆಯ ದಾರಿ ಅಲ್ಲಿಗೆ ಕೊನೆಯಾಗುತ್ತಿತ್ತು. ಮೂಕಿ ಚಿತ್ರಗಳು ಬಿಡುಗಡೆಯಾಗಿ ಎರಡು ಮೂರು ವರ್ಷವಾದ ಮೇಲೆ ಅಲ್ಲಿ ತಲುಪುತ್ತಿದ್ದವು, ವಾಪಸು ಕಳಿಸುವ ಖರ್ಚು ಕಂಪನಿಗಳಿಗೆ ಬೇಡವಾಗಿತ್ತು. ಹೀಗೆ ಉಳಿದ ರೀಲುಗಳನ್ನು ಗ್ರಂಥಾಲಯದ ನೆಲಮಾಳಿಗೆಯಲ್ಲಿ ತುಂಬಿದರು, ಎಷ್ಟನ್ನೋ ಯೂಕಾನ್ ನದಿಗೆ ಎಸೆದರು. 1929ರಲ್ಲಿ ಹಳೆಯ ಈಜುಕೊಳವೊಂದನ್ನು ಮುಚ್ಚಿ ಹಿಮದ ಆಟದಂಗಳ ಮಾಡುವಾಗ ಗುಂಡಿ ತುಂಬಲು ಮಣ್ಣಿನ ಜೊತೆ ಈ ರೀಲುಗಳನ್ನೂ ಸುರಿದರು. 1978ರಲ್ಲಿ ಹೊಸ ಕಟ್ಟಡಕ್ಕೆಂದು ನೆಲ ಅಗೆಯುವಾಗ 533 ರೀಲುಗಳು ಸಿಕ್ಕವು. ಸದಾ ಹೆಪ್ಪುಗಟ್ಟಿರುವ ಆ ನೆಲವೇ ಅವನ್ನು ಕಾಪಾಡಿತ್ತು. ಉರಿಯುವ ವಸ್ತುವೆಂದು ಯಾರೂ ಸಾಗಿಸಲು ಒಪ್ಪದೆ ಕೊನೆಗೆ ಸೇನೆಯ ಹರ್ಕ್ಯುಲಿಸ್ ವಿಮಾನದಲ್ಲಿ ಅವನ್ನು ಒಟ್ಟಾವಾಕ್ಕೆ ಒಯ್ದರು.

ಆ ರೀಲುಗಳ ಅಂಚಿಗೆ ನೀರು ಇಳಿದು ಜೆಲಟಿನ್ ಕರಗಿರುವುದರಿಂದ ಚಿತ್ರದ ಎರಡೂ ಬದಿಗಳಲ್ಲಿ ಬಿಳಿಯ ಅಲೆಯೊಂದು ಸದಾ ಪಟಪಟಿಸುತ್ತದೆ. ಅಲ್ಲಿನ ಸಂಗ್ರಹಪಾಲಕರು ಅದನ್ನು ನೋಡಿದೊಡನೆ ಇದು ಡಾಸನ್ ರೀಲು ಎಂದು ಗುರುತಿಸುತ್ತಾರೆ. ಮಾರಿಸನ್ 2016ರಲ್ಲಿ ಈ ನಿಧಿಯಿಂದ ಆ ಊರಿನ ಚರಿತ್ರೆಯನ್ನೇ ಕಟ್ಟಿದಾಗ ಆ ಅಲೆಯನ್ನು ಅಳಿಸಲಿಲ್ಲ. ಅಳಿಸಿದ್ದರೆ, ಈ ರೀಲು ಎಲ್ಲಿ ಬಿದ್ದಿತ್ತು, ಯಾರಿಗೆ ಬೇಡವಾಗಿತ್ತು ಎಂಬ ಸಾಕ್ಷ್ಯವೇ ಅಳಿಸಿಹೋಗುತ್ತಿತ್ತು. 1919ರ ಬೇಸ್‌ಬಾಲ್ ವರ್ಲ್ಡ್ ಸೀರೀಸ್, ಆಟಗಾರರು ಹಣ ಪಡೆದು ಸೋತರೆಂಬ ಹಗರಣವಾಯಿತಲ್ಲ, ಅದರ ಸುದ್ದಿಚಿತ್ರದ ತುಣುಕೂ ಅದರೊಳಗಿತ್ತು.

ಡಬ್ಬಿ_ಎಣಿಸುವವ
ಸಂಗ್ರಹಾಲಯದ ಕೆಲಸದಲ್ಲಿ ತಲೆ ನರೆತವನಾಗಿ ಒಂದು ಮಾತು ಹೇಳುತ್ತೇನೆ, ಕಹಿ ಎನಿಸಿದರೆ ಕ್ಷಮಿಸಿ. ಇಂತಹ ಸಿನಿಮಾ ಮಾಡಲು ಮೊದಲು ಕೆಡುವುದಕ್ಕಾದರೂ ಏನಾದರೂ ಉಳಿದಿರಬೇಕು. ‘ಡೆಕೇಷಿಯಾ’ದ ಬಹುಭಾಗ ಬಂದದ್ದು ವಿಶ್ವವಿದ್ಯಾಲಯಗಳೂ ಸರ್ಕಾರಿ ಗ್ರಂಥಾಲಯಗಳೂ ಕೆಟ್ಟದ್ದೆಂದು ಗೊತ್ತಿದ್ದೂ ಎಸೆಯದೆ ಕಾದಿಟ್ಟ ಡಬ್ಬಿಗಳಿಂದ. ನಮ್ಮಲ್ಲಿ ಆದದ್ದು ಬೇರೆ. ಕಪ್ಪುಬಿಳುಪು ಫಿಲ್ಮಿನ ಚಿತ್ರವೆಂದರೆ ಬೆಳ್ಳಿಯ ಕಣಗಳು. ಓಟ ಮುಗಿದ ಪ್ರಿಂಟುಗಳನ್ನು ಬೆಳ್ಳಿ ತೆಗೆಯುವವರಿಗೆ ತೂಕದ ಮೇಲೆ ಮಾರಿದರು. ದೇಶದ ಮೊದಲ ಮಾತಿನ ಚಿತ್ರವಾದ 1931ರ ‘ಆಲಂ ಆರಾ’ದ ಪ್ರತಿ ಇಲ್ಲ. ಕನ್ನಡದ ಮೊದಲ ಮಾತಿನ ಚಿತ್ರ, 1934ರ ‘ಸತಿ ಸುಲೋಚನಾ’ದ ಪ್ರತಿಯೂ ಇಲ್ಲ. ವೈ. ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು ಮತ್ತು ತ್ರಿಪುರಾಂಬಾ ಅವರ ಅಭಿನಯ, ಕೊಲ್ಹಾಪುರದಲ್ಲಿ ಚಿತ್ರೀಕರಣ ಎಂದೆಲ್ಲ ಬರೆಯುತ್ತೇವೆ, ತೋರಿಸಲು ಸ್ಥಿರಚಿತ್ರಗಳ ಹೊರತು ಏನೂ ಇಲ್ಲ. ರಾಷ್ಟ್ರೀಯ ಸಂಗ್ರಹಾಲಯ ಶುರುವಾದದ್ದೇ 1964ರಲ್ಲಿ. ಅದನ್ನು ಕಟ್ಟಿ ಬೆಳೆಸಿದ ಪಿ. ಕೆ. ನಾಯರ್ ಅವರು ಊರೂರು ಅಲೆದು ರೀಲು ಹುಡುಕುವ ಹೊತ್ತಿಗೆ ಬಹುಪಾಲು ಮೂಕಿ ಚಿತ್ರಗಳು ಹೋಗಿಯಾಗಿತ್ತು.

ಅಲ್ಲಿಯವರು ಕೊಳೆತದ್ದರ ಸೌಂದರ್ಯ ಎಂದು ಮಾತಾಡುವುದನ್ನು ನಾವು ಇಲ್ಲಿ ಕುಳಿತು ಹಾಗೆಯೇ ಒಪ್ಪಿಸಿದರೆ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬಂತಾಗುತ್ತದೆ. ಸಾಗರದವರೇ, ಮೊದಲು ಪ್ರತಿ ಮಾಡಿಸಿ. ಕಲಾಕೃತಿ ಆ ಪ್ರತಿಯಿಂದ ಹುಟ್ಟಲಿ, ಮೂಲದಿಂದಲ್ಲ.

ಕತ್ತರಿ_ಕೆಲಸ
ಮೂಲವನ್ನು ಕೆಡಲು ಬಿಡಿ ಎಂದು ಯಾರೂ ಹೇಳಿಲ್ಲ. 1980ರ ದಶಕದಲ್ಲಿ ಜರ್ಮನಿಯ ಬಾನ್ ನಗರದ ಷ್ಮೆಲ್ಟ್ಸ್‌ದಾಹಿನ್ ಎಂಬ ಗುಂಪಿನವರು ಫಿಲ್ಮನ್ನು ಬೇಕೆಂದೇ ಕೊಳದ ನೀರಿನಲ್ಲಿ, ಮಣ್ಣಿನಲ್ಲಿ ಇಟ್ಟು ಬ್ಯಾಕ್ಟೀರಿಯಾಗಳಿಂದ ತಿನ್ನಿಸಿದರು. ಅದು ಬೇರೆ ಪಂಥ. ಒಂದೇ ಪ್ರತಿಯಿರುವ ಮನೆಚಿತ್ರದ ಮೇಲೆ ಅದನ್ನು ಮಾಡುವುದು ಅಪರಾಧ ಎಂದು ನಾನೂ ಹೇಳುತ್ತೇನೆ.

ಮಂಗಳೂರು_ಮಳೆ
ನಮ್ಮ ಕಡೆ ಬ್ಯಾಕ್ಟೀರಿಯಾಕ್ಕೆ ಕೊಳ ಬೇಕಾಗಿಲ್ಲ, ಜುಲೈ ತಿಂಗಳ ಕಪಾಟು ಸಾಕು. ಅಜ್ಜನ 16 ಎಂಎಂ ರೀಲಿನಲ್ಲಿ ಬೂಷ್ಟು ಮರದ ಕೊಂಬೆಗಳಂತೆ ಹಬ್ಬಿ ಜೆಲಟಿನ್ ತಿಂದುಹಾಕಿದೆ. ಸ್ಕ್ಯಾನ್ ಮಾಡಿದಾಗ ಪ್ರತಿ ಫ್ರೇಮಿಗೂ ಕೊಂಬೆಯ ಆಕಾರ ಬದಲಾಗುವುದರಿಂದ ಕುಂದಾಪುರದ ಕಡಲತೀರದ ಮೇಲೆ ಕಾಡು ಬೆಳೆದು ಮಾಯವಾದಂತೆ ಕಾಣುತ್ತದೆ. ಚೆನ್ನಾಗಿದೆ ಎನ್ನಲು ನಾಚಿಕೆಯಾಗುತ್ತದೆ, ಆದರೆ ನಿಜವಾಗಿಯೂ ಚೆನ್ನಾಗಿದೆ.

ಪದವಿ_ಮೂರನೇ_ವರ್ಷ
ಇಷ್ಟೊಂದು ಚರ್ಚೆ ಯಾಕೆ ಎಂದು ತಿಳಿಯುತ್ತಿಲ್ಲ. ಈಗ ಎಐ ಇದೆಯಲ್ಲ. ಬಿರುಕು ತುಂಬಿ, ಬಣ್ಣ ಹಚ್ಚಿ, ಸೆಕೆಂಡಿಗೆ 60 ಫ್ರೇಮು ಮಾಡಿ 4ಕೆಗೆ ಏರಿಸಬಹುದು. ಆ ಹೆಂಗಸಿನ ಮುಖವನ್ನೂ ತರಬಹುದು.

ಡಬ್ಬಿ_ಎಣಿಸುವವ
ಯಾರ ಮುಖವನ್ನು ತರುತ್ತೀರಿ? ಆ ಫ್ರೇಮಿನಲ್ಲಿ ಮುಖದ ಮಾಹಿತಿಯೇ ಉಳಿದಿಲ್ಲ. ಯಂತ್ರ ಕೊಡುವುದು ಅದು ಬೇರೆಲ್ಲೋ ನೋಡಿದ ಲಕ್ಷಾಂತರ ಮುಖಗಳ ಸರಾಸರಿಯನ್ನು. ಆಕೆಯ ಮಗಳು ಇಂದು ಬದುಕಿದ್ದು ಅದನ್ನು ನೋಡಿದರೆ ಏನೆಂದುಕೊಳ್ಳಬೇಕು? ಪಕ್ಕದ ಫ್ರೇಮಿನಲ್ಲಿ ಮುಖ ಚೆನ್ನಾಗಿದ್ದರೆ ಅಲ್ಲಿಂದ ಎತ್ತಿ ಗೀರು ತುಂಬುವುದು ಸಂರಕ್ಷಣೆಯಲ್ಲಿ ಒಪ್ಪಿತವಾದ ವಿಧಾನ. ಇಲ್ಲದ್ದನ್ನು ಹುಟ್ಟಿಸಿದ ಮೇಲೆ ಅದನ್ನು ಸಾಕ್ಷ್ಯಚಿತ್ರವೆಂದು ಕರೆಯಲಾಗದು.

ಪದವಿ_ಮೂರನೇ_ವರ್ಷ
ಆದರೆ ಜನರಿಗೆ ನೋಡಲು ಅದೇ ಇಷ್ಟ, ವ್ಯೂಸ್ ನೋಡಿ.

ತಕರಾರು_ತಮ್ಮಣ್ಣ
ವ್ಯೂಸ್ ಬೇಕಿದ್ದರೆ ಬೆಕ್ಕಿನ ವಿಡಿಯೋ ಹಾಕಿ.

ಮುಳುಗಡೆ_ಮನೆಯವಳು
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನಮ್ಮ ತಾಯಿಯ ಕಡೆಯವರು ಅದೇ ಕಣಿವೆಯಿಂದ ಎದ್ದು ಬಂದವರು. ಶಿವಮೊಗ್ಗದ ಕಡೆ ಕಾಡಿನ ಅಂಚಿನಲ್ಲಿ ತಂದು ಬಿಟ್ಟ ಜಾಗದ ಹಕ್ಕುಪತ್ರಕ್ಕಾಗಿ ಮೂರನೇ ತಲೆಮಾರು ಇಂದಿಗೂ ಕಚೇರಿ ಅಲೆಯುತ್ತಿದೆ. ನಮ್ಮ ಮನೆಯಲ್ಲಿ ಆ ಊರಿನ ಒಂದೇ ಒಂದು ಫೋಟೋ ಇಲ್ಲ. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ 1940ರ ದಶಕದ ಹಳೆಯ ಮಡೇನೂರು ಅಣೆಕಟ್ಟು ಮೇಲೆ ಕಾಣುತ್ತದೆ, ಜನ ದೋಣಿ ಮಾಡಿಕೊಂಡು ಹೋಗಿ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಅಣೆಕಟ್ಟು ಕಾಣಿಸಿಕೊಂಡಿತೆಂದು ಸುದ್ದಿಯಾಗುತ್ತದೆ, ಅಂಗಳಗಳ ವಿಷಯ ಯಾವ ಸುದ್ದಿಯಲ್ಲಿಯೂ ಬರುವುದಿಲ್ಲ.

ಹಾಳಾದದ್ದನ್ನು ತೋರಿಸಬೇಕೋ ಬೇಡವೋ ಎಂದು ನೀವು ಜಗಳವಾಡುತ್ತಿದ್ದೀರಿ. ನನ್ನ ಪ್ರಶ್ನೆ ಬೇರೆ. ಆ ಕ್ಯಾಮೆರಾ ಹಿಡಿದಿದ್ದವರು ಯೋಜನೆಯ ಕಡೆಯವರು. ಊರಿನವರು ಲಾರಿಗೆ ಸಾಮಾನು ಹೇರುತ್ತಿದ್ದಾಗ ಹವ್ಯಾಸಕ್ಕೆಂದು ಚಿತ್ರ ತೆಗೆಯುವಷ್ಟು ನಿರಾಳವಾಗಿ ನಿಂತಿದ್ದವರು ಅವರು. ಸಾಗರದವರ ದೊಡ್ಡಪ್ಪನನ್ನು ದೂರುತ್ತಿಲ್ಲ, ಅವರು ತೆಗೆಯದಿದ್ದರೆ ಏನೂ ಇರುತ್ತಿರಲಿಲ್ಲ. ಆದರೆ ಆ ನೋಟ ಯಾರದು ಎಂಬುದು ಸಿನಿಮಾದಲ್ಲಿ ಕಾಣಿಸಬೇಕು. ಬಿರುಕಿನ ಚೆಲುವಿನಲ್ಲಿ ಅದು ಮುಚ್ಚಿಹೋದರೆ ನನ್ನ ಮಟ್ಟಿಗೆ ಅದು ಮೋಸ.

ಇನ್ನೊಂದು ವಿಷಯ. ನಿಮ್ಮ ಪ್ರಯೋಗಕ್ಕೆ ಮೊದಲು, ನಿಧಾನಗೊಳಿಸದ, ಸಂಗೀತ ಹಾಕದ, ಕತ್ತರಿಸದ ಒಂದು ಪ್ರತಿಯನ್ನು ಆ ಊರುಗಳಿಂದ ಬಂದವರಿಗೆ ತೋರಿಸಿ. ಎಂಬತ್ತು ದಾಟಿದವರು ಇನ್ನೂ ಕೆಲವರಿದ್ದಾರೆ. ಮುಖ ಕಾಣದಿದ್ದರೂ ಬಾವಿಕಟ್ಟೆ ನೋಡಿ ಇದು ಇಂಥವರ ಮನೆ ಎನ್ನಬಲ್ಲರು.

ಟೊರೊಂಟೊ_ತುದಿಯಿಂದ
ಇಲ್ಲಿಯವರೆಗೆ ಬಂದವುಗಳಲ್ಲಿ ಇದು ಅತ್ಯಂತ ಮುಖ್ಯವಾದ ಮಾತು.

ಹಳೇ_ಸಿನಿಮಾ_ಸಂಘ
ಮುಳುಗಡೆ ಮನೆಯವರ ಪ್ರಶ್ನೆಗೆ ಈ ಬಗೆಯ ಸಿನಿಮಾದ ಚರಿತ್ರೆಯಲ್ಲಿಯೇ ಉತ್ತರಗಳಿವೆ. 1927ರಲ್ಲಿ ಸೋವಿಯತ್ ಒಕ್ಕೂಟದ ಎಸ್ಫಿರ್ ಶುಬ್ ಎಂಬಾಕೆ ರೊಮಾನೊವ್ ರಾಜಮನೆತನದ ಪತನದ ಮೇಲೆ ಚಿತ್ರ ಮಾಡುವಾಗ ಹೊಸದಾಗಿ ಹೆಚ್ಚೇನೂ ಚಿತ್ರೀಕರಿಸಲಿಲ್ಲ. ತೇವದ ನೆಲಮಾಳಿಗೆಗಳಲ್ಲಿದ್ದ ಸುದ್ದಿಚಿತ್ರಗಳನ್ನೂ ಸ್ವತಃ ಝಾರ್ ದೊರೆಯ ಮನೆಚಿತ್ರಗಳನ್ನೂ ಹುಡುಕಿ, ಸುಮಾರು 60 ಸಾವಿರ ಮೀಟರ್ ಫಿಲ್ಮು ನೋಡಿ, ಅದರ ಒಂದು ಸಣ್ಣ ಪಾಲನ್ನು ಜೋಡಿಸಿದರು. ಹಡಗಿನ ಮೇಲೆ ಕುಣಿದು ದಣಿದು ಬೆವರೊರೆಸಿಕೊಳ್ಳುವ ಶ್ರೀಮಂತರ ಪಕ್ಕದಲ್ಲಿ ಬೆವರು ಸುರಿಸಿ ದುಡಿಯುವ ರೈತರನ್ನು ಇಟ್ಟದ್ದೇ ತಡ, ದೊರೆಯ ಹೆಮ್ಮೆಗೆ ತೆಗೆದ ಚಿತ್ರ ದೊರೆಯ ವಿರುದ್ಧವೇ ಸಾಕ್ಷಿ ಹೇಳಿತು.

ಇಟಲಿಯ ಯೆರ್ವಾಂತ್ ಜಾನಿಕಿಯಾನ್ ಮತ್ತು ಆಂಜೆಲಾ ರಿಚ್ಚಿ ಲುಕ್ಕಿ ದಂಪತಿ ಇನ್ನೂ ಹತ್ತಿರದ ಉದಾಹರಣೆ. ಲೂಕಾ ಕೊಮೇರಿಯೊ ಎಂಬ ಹಳೆಯ ಛಾಯಾಗ್ರಾಹಕನ ಕೆಡುತ್ತಿದ್ದ ನೈಟ್ರೇಟ್ ಸಂಗ್ರಹ ಅವರ ಕೈಗೆ ಬಂತು. ಬೇಟೆ, ದಂಡಯಾತ್ರೆ, ವಸಾಹತುಗಳ ಮೆರವಣಿಗೆ ಇಂಥವೇ ಹೆಚ್ಚು. ಪ್ರೊಜೆಕ್ಟರಿಗೆ ಹಾಕಲಾಗದ ಆ ಫಿಲ್ಮನ್ನು ತಾವೇ ಕಟ್ಟಿಕೊಂಡ ಯಂತ್ರದಲ್ಲಿ ಕೈಯಿಂದ ಒಂದೊಂದೇ ಫ್ರೇಮು ಸರಿಸಿ ಮರುಚಿತ್ರೀಕರಿಸಿದರು. ನಿಧಾನ ಮಾಡಿದ್ದು ಚೆಲುವಿಗಲ್ಲ. ಕರಡಿಯನ್ನು ಕೊಂದವನ ನಗು, ಸೈನಿಕನ ಎದುರು ನಿಂತ ಮಗುವಿನ ಹಿಂಜರಿಕೆ ಇವೆಲ್ಲ ಮೂಲ ವೇಗದಲ್ಲಿ ಕಣ್ಣಿಗೆ ಬೀಳದೆ ಹಾದುಹೋಗುತ್ತವೆ. ತಮ್ಮಣ್ಣನವರು ನಿಧಾನಗತಿಯನ್ನೇ ಅಪರಾಧವೆಂಬಂತೆ ಬರೆದಿದ್ದಾರೆ. ಯಾವುದನ್ನು ನೋಡಲೆಂದು ನಿಧಾನ ಮಾಡುತ್ತೀರಿ ಎಂಬುದರ ಮೇಲೆ ಅದು ನಿಂತಿದೆ.

ತಕರಾರು_ತಮ್ಮಣ್ಣ
ಸೈನಿಕನ ಎದುರಿನ ಮಗುವಿಗೆ ನಿಧಾನ, ಒಪ್ಪುತ್ತೇನೆ. ಕರಗುವ ಜೆಲಟಿನ್ನಿಗೆ ನಿಧಾನ, ಈಗಲೂ ಒಪ್ಪುವುದಿಲ್ಲ.

ಶಬ್ದ_ಶಂಕರಿ
ನಿಧಾನದ ಲೆಕ್ಕವನ್ನು ಕಲೆಗೆ ಮೊದಲು ತಂತ್ರದಲ್ಲಿ ಸರಿಮಾಡಿಕೊಳ್ಳಿ. ಸಾಧಾರಣ 8 ಎಂಎಂ ಕ್ಯಾಮೆರಾಗಳು ಸೆಕೆಂಡಿಗೆ 16 ಫ್ರೇಮು ತೆಗೆಯುತ್ತಿದ್ದವು. ಅದನ್ನು ಹಾಗೆಯೇ 24ಕ್ಕೆ ಓಡಿಸಿದರೆ ಜನ ದಡಬಡ ಓಡಾಡುತ್ತಾರೆ, ಸಾಮಾನು ಹೇರುವ ಸಂಕಟ ಹಾಸ್ಯದಂತೆ ಕಾಣುತ್ತದೆ. ಪ್ರತಿ ಎರಡನೇ ಫ್ರೇಮನ್ನು ಪುನರಾವರ್ತಿಸಿದರೆ 16 ನೇರವಾಗಿ 24 ಆಗುತ್ತದೆ. ಎರಡು ಫ್ರೇಮಿನ ನಡುವೆ ಯಂತ್ರದಿಂದ ಹೊಸದನ್ನು ಹುಟ್ಟಿಸುವ ಇಂಟರ್‌ಪೊಲೇಷನ್ ಬೇಡ. ಬಿರುಕು ಪ್ರತಿ ಫ್ರೇಮಿನಲ್ಲಿ ಬೇರೆ ಜಾಗದಲ್ಲಿರುತ್ತದೆ. ಯಂತ್ರ ಅದನ್ನು ಚಲಿಸುವ ವಸ್ತುವೆಂದು ತಿಳಿದು ಗಂಜಿಯಂತೆ ಕಲಸಿಬಿಡುತ್ತದೆ.

ಶಬ್ದದ ವಿಷಯ ಇನ್ನೂ ಯಾರೂ ಎತ್ತಿಲ್ಲ. ನಿಮ್ಮ ರೀಲುಗಳು ಮೂಕ. ‘ಡೆಕೇಷಿಯಾ’ಕ್ಕೆ ಮೈಕಲ್ ಗಾರ್ಡನ್ ಬರೆದ ಸಂಗೀತದಲ್ಲಿ ವಾದ್ಯಗಳ ಶ್ರುತಿಯನ್ನು ಬೇಕೆಂದೇ ಪರಸ್ಪರ ಸ್ವಲ್ಪ ತಪ್ಪಿಸಲಾಗಿದೆ, ಚಿತ್ರ ಕೆಟ್ಟಂತೆ ನಾದವೂ ಕೆಟ್ಟಿದೆ. ಅದಕ್ಕೆ ಅದು ಸರಿ. ಆದರೆ ಅಲ್ಲಿ ಚಿತ್ರದಲ್ಲಿರುವವರು ಯಾರೆಂದು ಯಾರೂ ಕೇಳುವುದಿಲ್ಲ. ನಿಮ್ಮಲ್ಲಿ ಊರಿನ ಹಿರಿಯರಿದ್ದಾರೆ. ಅವರು ರೀಲು ನೋಡುತ್ತಿರುವಾಗಲೇ ಧ್ವನಿಮುದ್ರಿಸಿಕೊಳ್ಳಿ. ಕೂರಿಸಿ ಸಂದರ್ಶನ ಮಾಡಿದರೆ ಭಾಷಣ ಬರುತ್ತದೆ. ನೋಡುತ್ತಾ ಪಕ್ಕದವರ ಜೊತೆ ತಗಾದೆ ಮಾಡುವಾಗ, ಅದು ನಮ್ಮ ಗದ್ದೆಯಲ್ಲ ಮಾರಾಯ್ತಿ, ಅವರದ್ದು ಎನ್ನುವಾಗ, ಆ ಧ್ವನಿಯೇ ನಿಮಗೆ ಬೇಕಾದದ್ದು.

ಮುಳುಗಡೆ_ಮನೆಯವಳು
ತಗಾದೆಗೆ ನಮ್ಮವರಲ್ಲಿ ಬರವಿಲ್ಲ, ಆ ಧೈರ್ಯ ನಿಮಗಿರಲಿ.

ಸ್ಕ್ಯಾನರ್_ಸಾಬಿ
ಸ್ಕ್ಯಾನಿಂಗ್ ಬಗ್ಗೆ ಹೇಳದಿದ್ದರೆ ಮುಂದಿನದೆಲ್ಲ ಗಾಳಿಗೋಪುರ. ಹುಳಿ ಹಿಡಿದ ಫಿಲ್ಮು ಉದ್ದಕ್ಕೂ ಅಗಲಕ್ಕೂ ಕುಗ್ಗಿರುತ್ತದೆ. ನೂರಕ್ಕೆ ಒಂದರಷ್ಟು ಕುಗ್ಗಿದರೂ ಹಲ್ಲುಚಕ್ರಕ್ಕೂ ಫಿಲ್ಮಿನ ರಂಧ್ರಕ್ಕೂ ತಾಳೆಯಾಗದೆ ಹರಿಯುವ ಅಪಾಯವಿದೆ. ಹಲ್ಲುಚಕ್ರವಿಲ್ಲದ, ರಬ್ಬರ್ ರೋಲರುಗಳ ಮೇಲೆ ಓಡಿಸಿ ರಂಧ್ರವನ್ನು ಕ್ಯಾಮೆರಾದಿಂದ ಗುರುತಿಸುವ ಸ್ಕ್ಯಾನರ್ ಇರುವಲ್ಲಿಗೇ ಕೊಡಿ. ಫ್ರೇಮಿನ ಅಂಚನ್ನು ಕತ್ತರಿಸದೆ ರಂಧ್ರಗಳೂ ಕಾಣುವಂತೆ ಪೂರ್ತಿ ಅಗಲವನ್ನು ಸ್ಕ್ಯಾನ್ ಮಾಡಿಸಿ, ಏಕೆಂದರೆ ಕೆಡುವುದು ಅಂಚಿನಿಂದ ಶುರುವಾಗುತ್ತದೆ ಮತ್ತು ನಿಮ್ಮ ಕಥೆಯ ಅರ್ಧ ಅಲ್ಲಿಯೇ ಇದೆ. ಬಣ್ಣ ತಿದ್ದದ ಕಚ್ಚಾ ಫೈಲುಗಳನ್ನೇ ಕೇಳಿ ಪಡೆಯಿರಿ.

ವೆಟ್ ಗೇಟ್ ಎಂಬುದೊಂದಿದೆ. ಫಿಲ್ಮನ್ನು ಅದರ ಆಧಾರದಂತೆಯೇ ಬೆಳಕನ್ನು ಬಾಗಿಸುವ ದ್ರವದಲ್ಲಿ ಅದ್ದಿ ಸ್ಕ್ಯಾನ್ ಮಾಡಿದರೆ ಆಧಾರದ ಮೇಲಿನ ಗೀರುಗಳು ಮಾಯವಾಗುತ್ತವೆ. ಒಳ್ಳೆಯ ವಿಧಾನವೇ, ಆದರೆ ಎದ್ದುನಿಂತ ಲೇಪನದ ಮೇಲೆ ಪರೀಕ್ಷಿಸದೆ ಮಾಡಿಸಬೇಡಿ. ನನ್ನ ಒಬ್ಬ ಗಿರಾಕಿ ಹಿಂದೊಮ್ಮೆ ಬೇರೊಂದು ಲ್ಯಾಬಿಗೆ ಕೊಟ್ಟಿದ್ದರು. ಅಲ್ಲಿನವರು ಕೇಳದೆಯೇ ಸ್ವಯಂಚಾಲಿತ ಶುದ್ಧೀಕರಣ ಹಾಕಿ, ಕಚ್ಚಾ ಫೈಲು ಅಳಿಸಿ, ನುಣುಪಾದ ವಿಡಿಯೋ ಒಂದನ್ನೇ ಕೊಟ್ಟರು. ಹಾರುತ್ತಿದ್ದ ಹಕ್ಕಿಗಳನ್ನೂ ಧೂಳೆಂದು ತಿಳಿದು ಯಂತ್ರ ಅಳಿಸಿತ್ತು.

ರಸಾಯನದ_ಮೇಷ್ಟ್ರು
ಬಣ್ಣದ ರೀಲುಗಳಿದ್ದು ಅವು ಕೊಡಾಕ್ರೋಮ್ ಆಗಿದ್ದರೆ ಸಂತೋಷಪಡಿ. ಕತ್ತಲಲ್ಲಿಟ್ಟ ಕೊಡಾಕ್ರೋಮಿನ ಬಣ್ಣ ದಶಕಗಳ ಕಾಲ ಮಾಸುವುದಿಲ್ಲ, ಆಧಾರ ಮಾತ್ರ ಹುಳಿಯಬಹುದು. ಅದೇ ಕಾಲದ ಈಸ್ಟ್‌ಮನ್ ಕಲರ್ ಪ್ರಿಂಟುಗಳು ನೀಲಿಹಸಿರು ಕಳೆದುಕೊಂಡು ಗುಲಾಬಿಗೆ ತಿರುಗುವುದನ್ನು ಎಲ್ಲರೂ ನೋಡಿದ್ದೇವೆ. ಅಡಿಕೆ ತೋಟದ ಹಸಿರು ಹಸಿರಾಗಿಯೇ ಉಳಿದು, ಆ ಹಸಿರೇ ಬಿರುಕು ಬಿಡುವ ವಿಚಿತ್ರ ನಿಮಗೆ ಸಿಕ್ಕೀತು.

ಕಾನೂನು_ಕಟ್ಟೆ
ಹಕ್ಕಿನ ವಿಷಯ ಚಿಕ್ಕದಾಗಿ. ದೊಡ್ಡಪ್ಪ ಸ್ವಂತ ಹಣದಲ್ಲಿ, ಸ್ವಂತ ಕ್ಯಾಮೆರಾದಲ್ಲಿ ತೆಗೆದದ್ದಾದರೆ ಹಕ್ಕು ಅವರ ವಾರಸುದಾರರದು. ಅವರ ಮಕ್ಕಳಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ, ಪೆಟ್ಟಿಗೆ ನಿಮಗೆ ಬಂದ ಮಾತ್ರಕ್ಕೆ ಹಕ್ಕು ಬಂದಂತಲ್ಲ. ಇಲಾಖೆಯ ಕೆಲಸವಾಗಿ ತೆಗೆದದ್ದಾದರೆ ಲೆಕ್ಕ ಬೇರೆ. ಜೊತೆಗೆ ಸರ್ಕಾರಿ ಸುದ್ದಿಚಿತ್ರ ಸೇರಿಸುವ ಯೋಚನೆಯಿದ್ದರೆ, ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಚಲನಚಿತ್ರದ ಅವಧಿ ಪ್ರಕಟಣೆಯ ನಂತರದ ವರ್ಷದಿಂದ ಎಣಿಸಿ 60 ವರ್ಷ. 1960ರಲ್ಲಿ ಪ್ರಕಟವಾದದ್ದು 2020ರ ಕೊನೆಗೆ ಮುಕ್ತವಾಯಿತು. ಆದರೆ ಹಕ್ಕು ಮುಗಿದರೂ ಒಳ್ಳೆಯ ಪ್ರತಿ ಸಂಗ್ರಹದ ಕೈಯಲ್ಲಿಯೇ ಇರುವುದರಿಂದ ಶುಲ್ಕ, ಕರಾರು ತಪ್ಪುವುದಿಲ್ಲ.

ಕತ್ತರಿ_ಕೆಲಸ
ಸುದ್ದಿಚಿತ್ರ ಸೇರಿಸುವುದು ಒಳ್ಳೆಯ ಯೋಚನೆ. ಅಣೆಕಟ್ಟಿನ ಸರ್ಕಾರಿ ಚಿತ್ರ ಸುಸ್ಥಿತಿಯಲ್ಲಿದ್ದು ಮಿನುಗುತ್ತಿರುತ್ತದೆ, ಊರಿನ ಚಿತ್ರ ಬಿರುಕು ಬಿಟ್ಟಿರುತ್ತದೆ. ಯಾವುದನ್ನು ತಂಪು ಕೋಣೆಯಲ್ಲಿಟ್ಟರು, ಯಾವುದು ಅಟ್ಟದ ಮೇಲೆ ಹುಳಿಯಿತು ಎಂಬುದು ಒಂದೇ ಕಟ್‌ನಲ್ಲಿ ಕಾಣುತ್ತದೆ, ನಿರೂಪಣೆಯ ಒಂದು ಸಾಲೂ ಬೇಕಾಗದು.

ಡಬ್ಬಿ_ಎಣಿಸುವವ
ಸರ್ಕಾರಿ ಪ್ರತಿಗಳೆಲ್ಲ ಮಿನುಗುತ್ತಿವೆ ಎಂಬ ಭ್ರಮೆ ಬೇಡ. ಉಳಿದಂತೆ, ಈ ಜೋಡಣೆಯನ್ನು ಶುಬ್ ನೋಡಿದ್ದರೆ ಮೆಚ್ಚುತ್ತಿದ್ದರು.

ಸಾಗರದ_ಕಡೆಯವ
ಎಲ್ಲರಿಗೂ ವಂದನೆ. ನನ್ನ ಮೂಲ ಪ್ರಶ್ನೆಯೇ ಪಕ್ಕಕ್ಕೆ ಸರಿದಿದೆ, ಅದು ಒಳ್ಳೆಯದೇ ಆಯಿತು. ದೊಡ್ಡಪ್ಪನ ಮಗಳ ಜೊತೆ ಮಾತಾಡಿದ್ದೇನೆ, ಒಪ್ಪಿಗೆ ಪತ್ರ ಕೊಡುತ್ತಾರೆ. ರೀಲುಗಳನ್ನು ವಾಸನೆಯ ಪ್ರಕಾರ ಬೇರ್ಪಡಿಸಿ ಗಾಳಿಯಾಡುವ ಡಬ್ಬಿಗಳಿಗೆ ಹಾಕಿದ್ದೇನೆ, ಪಟ್ಟಿಗಳನ್ನು ತರಿಸುತ್ತಿದ್ದೇನೆ. ಮೊದಲು ಪೂರ್ತಿ ಅಗಲದ ಕಚ್ಚಾ ಸ್ಕ್ಯಾನ್, ಆಮೇಲೆ 16 ಫ್ರೇಮಿನ ವೇಗದಲ್ಲಿ ಏನನ್ನೂ ತಿದ್ದದ ಪ್ರತಿಯೊಂದನ್ನು ಊರಿನವರಿಗೆ ತೋರಿಸಿ ಅವರ ಮಾತನ್ನು ಮುದ್ರಿಸಿಕೊಳ್ಳುವುದು. ಸಂಕಲನ ಅದರ ನಂತರ. ದೊಡ್ಡಪ್ಪನ ನೆರಳು ಒಂದೆರಡು ಕಡೆ ಫ್ರೇಮಿನೊಳಗೆ ಬಿದ್ದಿದೆ, ಹ್ಯಾಟು ಹಾಕಿದ ನೆರಳು. ಅದನ್ನು ಮೊದಲು ಕತ್ತರಿಸಿಬಿಡಬೇಕೆಂದಿದ್ದೆ, ಈಗ ಇಟ್ಟುಕೊಳ್ಳುತ್ತೇನೆ. ಪಿಟೀಲು ಇರುವುದಿಲ್ಲ.

ಮುಳುಗಡೆ_ಮನೆಯವಳು
ಖಾಸಗಿ ಸಂದೇಶ ಕಳಿಸಿದ್ದೇನೆ. ಪ್ರದರ್ಶನಕ್ಕೆ ಜಾಗ ನಮ್ಮ ಕಡೆ ಸಿಗುತ್ತದೆ, ಅಡಿಕೆ ಕೊಯ್ಲಿನ ಸಮಯ ಬಿಟ್ಟು ಬೇರೆ ಯಾವಾಗಲಾದರೂ ಬನ್ನಿ.

ತಕರಾರು_ತಮ್ಮಣ್ಣ
ನೆರಳು ಇಟ್ಟುಕೊಳ್ಳಿ, ಆದರೆ ಅದರ ಮೇಲೂ ನಿಧಾನಗತಿ ಹಾಕಬೇಡಿ.

ಸ್ಕ್ಯಾನರ್_ಸಾಬಿ
ಒಂದು ವಿಷಯ ಯಾರೂ ಗಮನಿಸಿಲ್ಲ. ಕೆಲವು ರೀಲು 16 ಎಂಎಂ ಅಗಲವಿವೆ ಎಂದಿದ್ದೀರಿ. ಹಳೆಯ 8 ಎಂಎಂ ಕ್ಯಾಮೆರಾಕ್ಕೆ ಹಾಕುತ್ತಿದ್ದದ್ದು 16 ಎಂಎಂ ಅಗಲದ ಫಿಲ್ಮನ್ನೇ. ಒಂದು ಅರ್ಧ ತೆಗೆದ ಮೇಲೆ ಸುರುಳಿ ತಿರುಗಿಸಿ ಇನ್ನೊಂದು ಅರ್ಧ ತೆಗೆಯುತ್ತಿದ್ದರು, ಸಂಸ್ಕರಣೆಯಾದ ಮೇಲೆ ಲ್ಯಾಬಿನಲ್ಲಿ ಉದ್ದಕ್ಕೆ ಸೀಳಿ ಜೋಡಿಸುತ್ತಿದ್ದರು. ನಿಮ್ಮವು ಸೀಳದೆ ಉಳಿದ ಸುರುಳಿಗಳಾಗಿರಬಹುದು. ಬೆಳಕಿಗೆ ಹಿಡಿದು ನೋಡಿ: ಒಂದೇ ಅಗಲದಲ್ಲಿ ಅಕ್ಕಪಕ್ಕ ಎರಡು ಸಣ್ಣ ಚಿತ್ರಗಳಿದ್ದು, ಒಂದು ಸಾಲು ತಲೆಕೆಳಗಾಗಿದ್ದರೆ ಅದೇ ಖಚಿತ. ಹಾಗಿದ್ದಲ್ಲಿ ದಯವಿಟ್ಟು ಯಾರಿಂದಲೂ ಸೀಳಿಸಬೇಡಿ, ಇದ್ದಂತೆಯೇ ತನ್ನಿ. ಒಂದು ಫ್ರೇಮಿನ ಫೋಟೋ ತೆಗೆದು ಇಲ್ಲಿ ಹಾಕಿದರೆ ಸ್ಕ್ಯಾನರಿನಲ್ಲಿ ಫಿಲ್ಮನ್ನು ಹಿಡಿಯುವ ಚೌಕಟ್ಟು, ಅಂದರೆ ಗೇಟು, ಯಾವುದು ಬೇಕೆಂದು ಹೇಳುತ್ತೇನೆ.